ತೊಟ್ಟಿಲು ಬದಲಾಗುತ್ತಿದ್ದ ದ್ವೀಪ

ಗುವಾಂಗ್‌ಝೌ ಮೆಟ್ರೊದ ಹುವಾಂಗ್‌ಶಾ ನಿಲ್ದಾಣದಲ್ಲಿ ಇಳಿದು, ವಾಹನಗಳು ಕಿಕ್ಕಿರಿದ ರಸ್ತೆಯನ್ನೂ ಆಚೆಗಿನ ಕಿರಿದಾದ ಕಾಲುವೆಯನ್ನೂ ದಾಟಿದರೆ ಶಾಮ್ಯೆನ್ ದ್ವೀಪ. ಕಾಲುವೆ ದಾಟುತ್ತಲೇ ಊರಿನ ಗದ್ದಲ ಹಿಂದೆ ಬೀಳುತ್ತದೆ. ಎರಡನೇ ಅಫೀಮು ಯುದ್ಧದ ಹೊತ್ತಿಗೆ ಬ್ರಿಟಿಷರೂ ಫ್ರೆಂಚರೂ ಪರ್ಲ್ ನದಿಯ ಈ ಮರಳುದಿಣ್ಣೆಯನ್ನು ಹಂಚಿಕೊಂಡು ಬಂಗಲೆ, ಬ್ಯಾಂಕು, ಇಗರ್ಜಿ ಕಟ್ಟಿಕೊಂಡರು. ಈ ತುದಿಯಿಂದ ಆ ತುದಿಗೆ ಒಂದು ಕಿಲೋಮೀಟರೂ ಇಲ್ಲ. ಬಿಳಲು ಇಳಿಬಿಟ್ಟ ಆಲದ ಜಾತಿಯ ಮರಗಳ ಕೆಳಗೆ ಮದುಮಕ್ಕಳು ಫೋಟೊ ತೆಗೆಸಿಕೊಳ್ಳುತ್ತಾರೆ, ಮುದುಕರು ಕೈ ಬೀಸಿ ವ್ಯಾಯಾಮ ಮಾಡುತ್ತಾರೆ.

ನನ್ನನ್ನು ಇಲ್ಲಿಗೆ ಕರೆತಂದದ್ದು ಬೇರೆಯೇ ಸಂಗತಿ. 1990ರ ದಶಕದಿಂದ ಎರಡು ದಶಕಗಳ ಕಾಲ ಸಾವಿರಾರು ಚೀನೀ ಮಕ್ಕಳು ಹುಟ್ಟಿದ ದೇಶದಲ್ಲಿ ತಮ್ಮ ಕೊನೆಯ ಕೆಲವು ರಾತ್ರಿಗಳನ್ನು ಕಳೆದದ್ದು ಈ ಮರಗಳ ನೆರಳಲ್ಲಿ. ಹೆಚ್ಚಿನವರು ಹೆಣ್ಣುಮಕ್ಕಳು, ಇನ್ನೂ ನಡೆಯಲು ಬಾರದ ಹಸುಗೂಸುಗಳು.

ವಿದೇಶೀಯರಿಗೆ ದತ್ತು ಕೊಡಲು ದಾರಿ ಮಾಡಿದ ಚೀನಾದ ಕಾನೂನು ಜಾರಿಗೆ ಬಂದದ್ದು 1992ರಲ್ಲಿ. ಒಂದೇ ಮಗುವಿನ ನೀತಿ ಬಿಗಿಯಾಗಿದ್ದ ಕಾಲ ಅದು. ಗಂಡು ಬೇಕೆಂಬ ಹಂಬಲಕ್ಕೆ ಆ ನೀತಿಯ ದಂಡ, ಬೆದರಿಕೆಗಳೂ ಸೇರಿ, ಸಂತೆಯಲ್ಲಿ, ಆಸ್ಪತ್ರೆಯ ಬಾಗಿಲಲ್ಲಿ, ಸೇತುವೆಯ ಮೇಲೆ ಹೆಣ್ಣುಕೂಸುಗಳು ಸಿಗುತ್ತಿದ್ದವು. ಅಲ್ಲಿಂದ 2024ರವರೆಗೆ 1,60,000ಕ್ಕೂ ಹೆಚ್ಚು ಮಕ್ಕಳು ಪರದೇಶಗಳ ಮನೆ ಸೇರಿದರು. ಅವರಲ್ಲಿ ಅರ್ಧದಷ್ಟು ಮಂದಿ ಹೋದದ್ದು ಅಮೆರಿಕಕ್ಕೆ. 2005ರ ಒಂದೇ ವರ್ಷದಲ್ಲಿ ಅಲ್ಲಿಗೆ ಹೋದವರ ಸಂಖ್ಯೆ ಎಂಟು ಸಾವಿರದ ಹತ್ತಿರ ಹೋಗಿತ್ತು. ದತ್ತು ಮಕ್ಕಳಿಗೆ ಅಮೆರಿಕದ ವೀಸಾ ಸಿಗುತ್ತಿದ್ದದ್ದು ಗುವಾಂಗ್‌ಝೌನಲ್ಲಿ. ಕಾನ್ಸುಲೇಟ್ ಈ ದ್ವೀಪದಲ್ಲಿತ್ತು, ಅದಕ್ಕೆ ಅಂಟಿಕೊಂಡಂತೆ ನದಿಯ ದಂಡೆಯಲ್ಲಿ ವೈಟ್ ಸ್ವಾನ್ ಹೋಟೆಲ್. ಹಾಗಾಗಿ ಅಪ್ಪ ಅಮ್ಮಂದಿರ ಗುಂಪುಗಳು ಹೆಚ್ಚಾಗಿ ಬಂದಿಳಿಯುತ್ತಿದ್ದದ್ದು ಇಲ್ಲಿಯೇ.

ಇಲ್ಲಿಗೆ ಬರುವ ಮೊದಲೇ ಆ ಕುಟುಂಬಗಳ ಬದುಕು ತಲೆಕೆಳಗಾಗಿರುತ್ತಿತ್ತು. ಪರದೇಶದಲ್ಲಿ ಇಳಿದವರ ಕಣ್ಣಿಗೆ ಊರು, ಜನ, ಅಡುಗೆ ಮೊದಲು ಬೀಳಬೇಕು. ಆದರೆ ಈ ತಂದೆತಾಯಿಗಳು ಬರೆದಿಟ್ಟ ನೆನಪುಗಳನ್ನು ಓದಿದರೆ ಮತ್ತೆ ಮತ್ತೆ ಎದುರಾಗುವುದು ಪ್ರಾಂತ್ಯದ ರಾಜಧಾನಿಯ ಒಂದು ಸರ್ಕಾರಿ ಕೊಠಡಿ. ಪ್ರಯಾಣದ ಆಯಾಸ, ಸೆಕೆ, ಕೈಯಲ್ಲಿ ಬೆವರಿಗೆ ಮೆತ್ತಗಾದ ಕಾಗದಗಳು. ಬಾಗಿಲು ತೆರೆಯುತ್ತದೆ, ಆಯಾಗಳು ಸಾಲಾಗಿ ಕೂಸುಗಳನ್ನು ಎತ್ತಿಕೊಂಡು ಬರುತ್ತಾರೆ, ಹೆಸರು ಕೂಗುತ್ತಾರೆ. ತಿಂಗಳುಗಟ್ಟಲೆ ಫೋಟೊದಲ್ಲಿ ಮುದ್ದಾಡಿದ ಮಗು ತೋಳಿಗೆ ಬಂದ ಕೂಡಲೇ ಎದೆ ಬಿರಿಯುವಂತೆ ಅಳುತ್ತದೆ. ಗಾಳಿ ಸೋಕದಿರಲೆಂದು ಮೈಮೇಲೆ ಪದರ ಪದರ ಬಟ್ಟೆ, ನಮ್ಮ ಅಜ್ಜಿಯರು ಬೇಸಿಗೆಯಲ್ಲೂ ಕುಲಾವಿ ಕಟ್ಟುತ್ತಿದ್ದ ಹಾಗೆ. ಬಟ್ಟೆ ಬಿಚ್ಚಿದರೆ ಅಂದುಕೊಂಡಿದ್ದಕ್ಕಿಂತ ಅರ್ಧ ಗಾತ್ರದ ಮಗು. ಸದಾ ಅಂಗಾತ ಮಲಗಿಸಿದ್ದರಿಂದ ಎಷ್ಟೋ ಮಕ್ಕಳ ತಲೆಯ ಹಿಂಭಾಗ ಚಪ್ಪಟೆ. ಹೊರಗೆ ಕಾಲಿಟ್ಟರೆ ದಾರಿಯಲ್ಲಿ ಹೋಗುವ ಅಜ್ಜಿಯರೆಲ್ಲ ಬಂದು ಕಾಲುಚೀಲ ಎಲ್ಲಿ, ಟೊಪ್ಪಿ ಎಲ್ಲಿ ಎಂದು ಸನ್ನೆಯಲ್ಲೇ ಗದರುವರು.

ಆಮೇಲೆ ಗುವಾಂಗ್‌ಝೌ. ಮಗುವಿನ ವೈದ್ಯಕೀಯ ತಪಾಸಣೆ, ವೀಸಾ ಫೋಟೊ, ಕಾನ್ಸುಲೇಟಿನಲ್ಲಿ ಬಲಗೈ ಎತ್ತಿ ಪ್ರಮಾಣ. ಕೊನೆಗೆ ಮೊಹರು ಹಾಕಿದ ದೊಡ್ಡ ಲಕೋಟೆ. ಅಮೆರಿಕದ ವಲಸೆ ಅಧಿಕಾರಿಯೇ ಅದನ್ನು ಒಡೆಯಬೇಕಿತ್ತು. 2001ರ ಫೆಬ್ರುವರಿಯಿಂದ ಜಾರಿಗೆ ಬಂದ ಕಾನೂನಿನಂತೆ, ಹೀಗೆ ದತ್ತು ಹೋದ ಹೆಚ್ಚಿನ ಮಕ್ಕಳು ಅಮೆರಿಕದ ನೆಲ ಮುಟ್ಟಿದ ಕ್ಷಣವೇ ಅಲ್ಲಿನ ಪ್ರಜೆಗಳು.

ಹೋಟೆಲಿನ ಒಳಗೆ ಹೋದೆ. 1983ರಲ್ಲಿ ಶುರುವಾದದ್ದು, ನಡುವೆ ದುರಸ್ತಿಗೆಂದು ಮುಚ್ಚಿ 2015ರಲ್ಲಿ ಮತ್ತೆ ತೆರೆದದ್ದು. ಒಳಾಂಗಣದಲ್ಲಿ ಬಂಡೆ ಜೋಡಿಸಿ ಜಲಪಾತ ಹರಿಸಿದ್ದಾರೆ, ಮೇಲೊಂದು ಮಂಟಪ, ಕೆಳಗೆ ಕೊಳದಲ್ಲಿ ಕೆಂಪು ಮೀನುಗಳು. ಗುವಾಂಗ್‌ಡಾಂಗ್ ಪ್ರಾಂತ್ಯ ಬಿಟ್ಟು ಪರದೇಶಗಳಿಗೆ ದುಡಿಯಹೋದವರು ಹಿಂದಿರುಗಿದಾಗ ತವರಿನ ನೀರು ಕಾಣಲೆಂದು ಮಾಡಿದ ಏರ್ಪಾಟು. ದತ್ತು ಕುಟುಂಬಗಳು ತುಂಬಿರುತ್ತಿದ್ದ ವರ್ಷಗಳಲ್ಲಿ ಊಟದ ಹಾಲ್ ತುಂಬ ಎತ್ತರದ ಕುರ್ಚಿಗಳು, ಲಿಫ್ಟಿನ ಮುಂದೆ ತಳ್ಳುಗಾಡಿಗಳ ಸಾಲು. ಮ್ಯಾಟೆಲ್ ಕಂಪನಿ ಇಲ್ಲಿ ಆಟದ ಕೋಣೆ ಮಾಡಿಸಿ, ದತ್ತು ಪಡೆದವರಿಗೆ ವಿಶೇಷ ಬಾರ್ಬಿ ಗೊಂಬೆ ಕೊಡುತ್ತಿತ್ತು: ಹೊಂಬಣ್ಣದ ಕೂದಲಿನ ಬಾರ್ಬಿ, ಅವಳ ಕಂಕುಳಲ್ಲಿ ಚೀನೀ ಕೂಸು. ಕೆಂಪು ಸೋಫಾದ ಮೇಲೆ ಗುಂಪಿನ ಮಕ್ಕಳನ್ನೆಲ್ಲ ರೇಷ್ಮೆ ಅಂಗಿಯಲ್ಲಿ ಸಾಲಾಗಿ ಕೂರಿಸಿ ಫೋಟೊ ತೆಗೆಯುವುದು ಸಂಪ್ರದಾಯವೇ ಆಗಿತ್ತು. ಅಂಥ ಪ್ರತಿ ಫೋಟೊದಲ್ಲೂ ಒಂದು ಮಗು ವಾಲಿರುತ್ತದೆ, ಒಂದು ಅಳುತ್ತಿರುತ್ತದೆ, ಒಂದು ಪಕ್ಕದ ಮಗುವಿನ ಬೂಟು ಹಿಡಿದಿರುತ್ತದೆ.

ನನಗೆ ಆ ಅಳುವ ಮಗುವಿನ ಮೇಲೆಯೇ ಕಣ್ಣು. ಈ ದ್ವೀಪದ ಬಗ್ಗೆ ಬರೆದವರಲ್ಲಿ ಹೆಚ್ಚಿನವರು ತಂದೆತಾಯಿಗಳು. ಅವರ ಸಂತೋಷ ನಿಜ, ಪ್ರೀತಿ ನಿಜ. ಆದರೆ ಇಲ್ಲಿ ಪರದೇಶಕ್ಕೆ ಬಂದಿಳಿದವರಲ್ಲಿ ಮಗುವೂ ಸೇರಿತ್ತು. ಅಕ್ಕಪಕ್ಕದ ತೊಟ್ಟಿಲುಗಳ ಸದ್ದು, ಆಯಾಳ ಕೈಯ ಬಿಸಿ, ಅವಳ ಮಾತಿನ ಧಾಟಿ ಎಲ್ಲ ಒಂದೇ ಮಧ್ಯಾಹ್ನದಲ್ಲಿ ಕಾಣೆಯಾಗಿ, ಹೊಸ ವಾಸನೆಯ ಹೊಸ ಎದೆಗೆ ಒರಗಬೇಕಾಗಿತ್ತು. ಆ ಮಗುವಿನ ಮೊದಲ ಅನಿಸಿಕೆಯನ್ನು ಬರೆದಿಟ್ಟವರು ಯಾರೂ ಇಲ್ಲ.

ಹೊರಗೆ ಅಂಗಡಿಯೊಂದರ ಮುಂದೆ ನಡೆದರೆ ಪೀಂ ಪೀಂ ಎನ್ನುವ ಪುಟ್ಟ ಶೂಗಳನ್ನು ಇನ್ನೂ ತೂಗುಹಾಕಿದ್ದರು. ಈಗ ಅವನ್ನು ಕೊಳ್ಳುವವರು ಊರಿನವರೇ. ಕಾನ್ಸುಲೇಟ್ 2013ರಲ್ಲಿ ಹೊಸ ಬಡಾವಣೆಗೆ ಹೋಯಿತು. 2024ರ ಸೆಪ್ಟೆಂಬರಿನಲ್ಲಿ ಚೀನಾ ಸರ್ಕಾರ ಹತ್ತಿರದ ರಕ್ತಸಂಬಂಧಿಗಳನ್ನು, ಮಲಮಕ್ಕಳನ್ನು ಬಿಟ್ಟು ಮಿಕ್ಕ ವಿದೇಶಿ ದತ್ತುಗಳನ್ನೆಲ್ಲ ನಿಲ್ಲಿಸಿತು. ಕೋವಿಡ್‌ಗೆ ಮುಂಚೆಯೇ ಮಗು ಗೊತ್ತಾಗಿ ಕಾದಿದ್ದ ನೂರಾರು ಕುಟುಂಬಗಳಿಗೂ ಅಲ್ಲಿಗೆ ಬಾಗಿಲು ಮುಚ್ಚಿತು. ಅವರಿಗಾಗಿ ಕಾದಿದ್ದ ಮಕ್ಕಳಲ್ಲಿ ಹಲವರು ಅಂಗವೈಕಲ್ಯ ಇದ್ದವರು. ಮುಂಚೆ ಮಾತು ಕೊಟ್ಟ ಮಕ್ಕಳ ಮಟ್ಟಿಗಾದರೂ ವಿನಾಯಿತಿ ಇರಬೇಕಿತ್ತು ಎಂದು ನನ್ನ ಅನಿಸಿಕೆ.

ಬಾಗಿಲು ಬಿಗಿಯಾಗಬೇಕೆನ್ನುವವರ ಮಾತಿಗೂ ಆಧಾರವಿದೆ. ಹೂನಾನ್ ಪ್ರಾಂತ್ಯದ ಕೆಲವು ಅನಾಥಾಲಯಗಳು ಮಕ್ಕಳನ್ನು ದುಡ್ಡು ಕೊಟ್ಟು ಕೊಳ್ಳುತ್ತಿದ್ದದ್ದು 2005ರಲ್ಲಿ ಬಯಲಾಯಿತು. ಅದೇ ಪ್ರಾಂತ್ಯದ ಲೊಂಗ್‌ಹುಯಿಯಲ್ಲಿ ಕುಟುಂಬ ಯೋಜನೆಯ ಸಿಬ್ಬಂದಿ ಹಳ್ಳಿಗರ ಕೂಸುಗಳನ್ನೇ ಕಿತ್ತುಕೊಂಡು ಹೋಗಿದ್ದನ್ನು 2011ರಲ್ಲಿ ಚೀನೀ ಪತ್ರಕರ್ತರೇ ಬರೆದರು. ಕಾಗದದಲ್ಲಿ ಮಾತ್ರ ಎಲ್ಲರೂ ಬಿಟ್ಟುಹೋದ ಮಕ್ಕಳು. ನಾವೂ ಇದರಿಂದ ಹೊರತಲ್ಲ. ನಮ್ಮ ಮಕ್ಕಳನ್ನು ಪರದೇಶಕ್ಕೆ ದತ್ತು ಕೊಡುವುದರಲ್ಲಿನ ಅಕ್ರಮಗಳ ದೂರು ಬಂದದ್ದರಿಂದಲೇ ಸುಪ್ರೀಂ ಕೋರ್ಟ್ 1984ರಲ್ಲಿ ಲಕ್ಷ್ಮೀಕಾಂತ ಪಾಂಡೆ ಮೊಕದ್ದಮೆಯಲ್ಲಿ ಕಟ್ಟುನಿಟ್ಟಿನ ನಿಯಮ ಹಾಕಿಕೊಟ್ಟಿತು.

ಶಾಮ್ಯೆನ್‌ಗೆ ಈಗಲೂ ಇಲ್ಲಿಂದ ದತ್ತು ಹೋದ ಮಕ್ಕಳು ಬರುತ್ತಾರೆ, ಇಪ್ಪತ್ತು ದಾಟಿದ ಯುವತಿಯರಾಗಿ. ಕೆಲವರು ಇಲ್ಲಿಂದ ರೈಲು ಹಿಡಿದು ತಾವು ಇದ್ದ ಅನಾಥಾಲಯಕ್ಕೆ ಹೋಗಿ ತಮ್ಮ ಕಡತ ಕೇಳುತ್ತಾರೆ, ತಾವು ಸಿಕ್ಕ ಜಾಗದಲ್ಲಿ ಭಿತ್ತಿಪತ್ರ ಅಂಟಿಸುತ್ತಾರೆ, ಡಿಎನ್ಎ ಮಾದರಿ ಕೊಡುತ್ತಾರೆ. ಲೊಂಗ್‌ಹುಯಿಯಿಂದ 2002ರಲ್ಲಿ ಕಿತ್ತೊಯ್ದ ಒಂದು ಕೂಸು ಟೆಕ್ಸಾಸಿನಲ್ಲಿ ಬೆಳೆದದ್ದು, ಅವಳೂ ಅವಳ ಅವಳಿ ಸೋದರಿಯೂ ಮತ್ತೆ ಮುಖ ನೋಡಿದ್ದು ಪತ್ರಕರ್ತೆ ಬಾರ್ಬರಾ ಡೆಮಿಕ್ ಅವರ 2025ರ ಪುಸ್ತಕದಲ್ಲಿದೆ. ಹೆತ್ತವರು ಆ ಮಗುವನ್ನು ಬಿಟ್ಟಿರಲೇ ಇಲ್ಲ.