ಚಿಗರಿ ನಂಬಿದ ಬಂಡಿ

ಮಂಠಾಳದಲ್ಲಿ ನಮಗೆ ಬೇಕಾದವರ ಮನೆಯ ಹುಡುಗ ಒಮ್ಮೆ ಫೋನು ಮುಂದೆ ಹಿಡಿದ. ಯಾವುದೋ ದೇಶದ ಗುಡ್ಡಗಾಡು, ನಾಲ್ಕು ಉಬ್ಬಿದ ಗಾಲಿಯ ಪುಟ್ಟ ಗಾಡಿ, ಬೈಕಿನಂಥ ಹ್ಯಾಂಡಲ್ಲು, ಹಿಂದೆ ಕಟ್ಟಿದ ಬಂದೂಕು. “ಕಾಕಾ, ಬ್ಯಾಟಿಗಂತನೇ ಮಾಡಿದ ಗಾಡಿ ಅಂತ. ನಮ್ಮ ಗುಡ್ಡದಾಗ ನಡೀತದೇನು?”

ಬೇಟೆಯ ಮಾತು ಬಿಡು, ಅದಕ್ಕೆ ಜೈಲಿದೆ ಎಂದೆ. ಆದರೆ ಅವನ ಪ್ರಶ್ನೆ ತಲೆಯಲ್ಲೇ ಉಳಿಯಿತು. ಕಾಡುಪ್ರಾಣಿಯ ಹತ್ತಿರ ಹೋಗಲು ಯಾವ ಗಾಡಿ ಸರಿ ಎಂಬುದು ಈ ನೆಲಕ್ಕೆ ಬಹಳ ಹಳೆಯ ಪ್ರಶ್ನೆ. ಮಂಠಾಳ ಸೇರಿರುವ ತಾಲ್ಲೂಕಿನ ಕೇಂದ್ರ ಬಸವಕಲ್ಯಾಣ ಒಂದು ಕಾಲಕ್ಕೆ ಚಾಲುಕ್ಯರ ರಾಜಧಾನಿ. ಅಲ್ಲಿ ಆಳಿದ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅಡುಗೆಯಿಂದ ಆನೆಯವರೆಗೆ ಎಲ್ಲವೂ ಇದೆ, ಬೇಟೆಯೂ ಇದೆ. ಪಳಗಿಸಿದ ಸಿವಂಗಿಯನ್ನು ಜಿಂಕೆಯ ಮೇಲೆ ಬಿಡುವ ಪದ್ಧತಿಗೆ ಭಾರತದಲ್ಲಿ ಸಿಗುವ ಅತಿ ಹಳೆಯ ದಾಖಲೆ ಇದೇ ಎಂದು ಇತಿಹಾಸಕಾರರು ಗುರುತಿಸಿದ್ದಾರೆ. ಇವತ್ತು ಪತ್ರಿಕೆಗಳು ಚೀತಾ ಎನ್ನುವ ಪ್ರಾಣಿಗೆ ಕನ್ನಡದ ಹೆಸರು ಸಿವಂಗಿ. ಹೆಸರು ಇದೆ, ನಮ್ಮ ಬಯಲಿನಿಂದ ಪ್ರಾಣಿ ಹೋಯಿತು.

ಸಿವಂಗಿ ಕೆಲವು ನೂರು ಮೀಟರ್ ಮಾತ್ರ ಪೂರ್ತಿ ವೇಗದಲ್ಲಿ ಓಡಬಲ್ಲದು. ಅಷ್ಟರಲ್ಲಿ ಸಿಗದಿದ್ದರೆ ನಿಂತುಬಿಡುತ್ತದೆ. ಚಿಗರಿ, ಅಂದರೆ ಕೃಷ್ಣಮೃಗ, ಗಂಟೆಗೆ ಸುಮಾರು 80 ಕಿಲೋಮೀಟರ್ ವೇಗ ಮುಟ್ಟಬಲ್ಲ ಪ್ರಾಣಿ. ಮೊದಲೇ ಸುಳಿವು ಸಿಕ್ಕರೆ ಮುಗಿಯಿತು. ಹಾಗಾಗಿ ಸಿವಂಗಿಯನ್ನು ಬಿಡುವ ಮೊದಲು ಆದಷ್ಟು ಹತ್ತಿರಕ್ಕೆ ಒಯ್ಯಬೇಕಿತ್ತು. ದಖ್ಖನ್ನಿನ ಬೇಟೆಗಾರರು ಅದಕ್ಕೆ ಆರಿಸಿಕೊಂಡದ್ದು ಕುದುರೆಯನ್ನಲ್ಲ, ಎತ್ತಿನ ಬಂಡಿಯನ್ನು. ಕಣ್ಣಿಗೆ ಪಟ್ಟಿ ಕಟ್ಟಿದ ಸಿವಂಗಿ ಬಂಡಿಯ ಮೇಲೆ ಕೂತಿರುತ್ತಿತ್ತು. ಬಂಡಿ ನೇರವಾಗಿ ಹಿಂಡಿನತ್ತ ಹೋಗದೆ ಓರೆಯಾಗಿ, ಹೊಲಕ್ಕೆ ಹೊರಟಂತೆ ಸಾಗುತ್ತಿತ್ತು. ಸಾಕಷ್ಟು ಹತ್ತಿರವಾದ ಮೇಲೆ ಪಟ್ಟಿ ಬಿಚ್ಚುತ್ತಿದ್ದರು.

ಚಿಗರಿ ಬಂಡಿಗೆ ಯಾಕೆ ಹೆದರುತ್ತಿರಲಿಲ್ಲ? ಅದರ ಕಣ್ಣುಗಳು ತಲೆಯ ಎರಡು ಬದಿಗಿವೆ, ಪಾಪೆ ಅಡ್ಡಕ್ಕೆ ಉದ್ದ. ಮೇಯುತ್ತಲೇ ಸುತ್ತಲ ಬಯಲಿನ ಬಹುಪಾಲನ್ನು ಅದು ನೋಡುತ್ತಿರುತ್ತದೆ. ಕಂಡ ಪ್ರತಿಯೊಂದಕ್ಕೂ ಓಡುತ್ತಾ ಹೋದರೆ ಮೇಯುವುದು ಯಾವಾಗ? ಅದಕ್ಕೇ ಒಂದೊಂದು ಆಕಾರಕ್ಕೆ ಒಂದೊಂದು ದೂರ ಇಟ್ಟುಕೊಂಡಿರುತ್ತದೆ. ಅದನ್ನು ದಾಟಿ ಬಂದರೆ ಮಾತ್ರ ಓಟ. ಸ್ವಿಟ್ಜರ್ಲೆಂಡಿನ ಪ್ರಾಣಿಶಾಸ್ತ್ರಜ್ಞ ಹೈನಿ ಹೆಡಿಗರ್ ಈ ದೂರವನ್ನು ವಿಜ್ಞಾನದ ಮಾತಿಗೆ ತಂದರು. ದಿನಾ ಕಂಡೂ ಕೇಡು ಮಾಡದ ಆಕಾರಕ್ಕೆ ದೂರ ಕುಗ್ಗುತ್ತದೆ, ಕೊಲ್ಲುವ ಆಕಾರಕ್ಕೆ ಹಿಗ್ಗುತ್ತದೆ. ಹೊಲದ ಬಂಡಿ ತಲೆಮಾರುಗಳಿಂದ ಕೇಡು ಮಾಡದ ಆಕಾರವಾಗಿತ್ತು. ಬೇಟೆಗಾರ ಬಳಸಿಕೊಂಡದ್ದು ರೈತ ಗಳಿಸಿಟ್ಟ ಆ ನಂಬಿಕೆಯನ್ನು.

ಬಂಡಿಯನ್ನು ಯಂತ್ರವಾಗಿ ನೋಡಿದರೂ ಅದು ಸಾಮಾನ್ಯದ್ದಲ್ಲ. ಎದೆಯೆತ್ತರದ ಗಾಲಿ ಸಣ್ಣ ಹಳ್ಳದೊಳಗೆ ಇಳಿಯುವುದಿಲ್ಲ, ಮೇಲೆ ಹಾಯುತ್ತದೆ. ಮುಂದಕ್ಕೆ ತಳ್ಳುವ ಕೆಲಸ ಗಾಲಿಯದಲ್ಲ, ಎತ್ತುಗಳ ಎಂಟು ಕಾಲಿನದು. ನಮ್ಮ ಭಾಗದ ದೇವಣಿ ಎತ್ತು ಹಸಿ ಎರೆ ಮಣ್ಣಿನಲ್ಲಿ ಕಾಲಿಡುವುದನ್ನು ಬಗ್ಗಿ ನೋಡಿ. ಭಾರ ಬಿದ್ದಾಗ ಸೀಳುಗೊರಸು ಅಗಲವಾಗುತ್ತದೆ, ಕೆಸರು ತಡೆಯುತ್ತದೆ. ಎತ್ತುವಾಗ ಎರಡು ಭಾಗ ಕೂಡಿಕೊಂಡು ಪಕ್ಕದಿಂದ ಗಾಳಿ ನುಗ್ಗುತ್ತದೆ, ಕೆಸರಿನ ಹಿಡಿತ ಪಚಕ್ಕನೆ ಬಿಡುತ್ತದೆ. ಇಷ್ಟು ಚಂದದ ಗಾಲಿಯನ್ನು ಯಾವ ಕಾರ್ಖಾನೆಯೂ ಮಾಡಿಲ್ಲ.

ಮೋಟಾರು ಗಾಡಿ ಕೆಸರಿನಲ್ಲಿ ಸೋಲುವುದು ಶಕ್ತಿ ಸಾಲದೆ ಅಲ್ಲ. ತಿರುವಿನಲ್ಲಿ ಹೊರಗಿನ ಗಾಲಿ ಒಳಗಿನದಕ್ಕಿಂತ ಹೆಚ್ಚು ದೂರ ಉರುಳಬೇಕು. ಅದಕ್ಕಾಗಿ ಎರಡರ ನಡುವೆ ಡಿಫರೆನ್ಷಿಯಲ್ ಎಂಬ ಹಲ್ಲುಚಕ್ರಗಳ ಜೋಡಣೆ ಇದೆ. ಅದು ಎರಡೂ ಗಾಲಿಗೆ ಸಮನಾದ ತಿರುಚು ಬಲ ಕೊಡುತ್ತದೆ. ಒಂದು ಗಾಲಿ ಕೆಸರಿನಲ್ಲಿ ಹಿಡಿತ ತಪ್ಪಿದರೆ ಅದನ್ನು ತಿರುಗಿಸಲು ಬಲವೇ ಬೇಡ. ಗಟ್ಟಿ ನೆಲದ ಮೇಲಿರುವ ಇನ್ನೊಂದಕ್ಕೂ ಅಷ್ಟೇ ಅಲ್ಪ ಬಲ ಸಿಗುತ್ತದೆ. ಹುಮನಾಬಾದ್ ಕಡೆ ಕಬ್ಬಿನ ಟ್ರಾಲಿ ಹೂತಾಗ ಡ್ರೈವರ್ ಹಿಮ್ಮಡಿಯಿಂದ ಒಂದು ಪೆಡಲ್ ಒತ್ತುವುದನ್ನು ನೋಡಿರುತ್ತೀರಿ. ಅದು ಡಿಫ್ ಲಾಕ್. ಎರಡೂ ಗಾಲಿಯನ್ನು ಒಂದೇ ಅಚ್ಚಿಗೆ ಬಿಗಿದ ಹಾಗೆ ತಿರುಗಿಸುತ್ತದೆ, ಟ್ರ್ಯಾಕ್ಟರ್ ಎದ್ದು ಬರುತ್ತದೆ.

1941ರಲ್ಲಿ ಬಂದ ವಿಲ್ಲಿಸ್ ಜೀಪು ಬಲವನ್ನು ನಾಲ್ಕೂ ಗಾಲಿಗೆ ಹಂಚಿತು. ತೂಕ ಹೆಚ್ಚುಕಡಿಮೆ ಒಂದು ಟನ್, ಶಕ್ತಿ 60 ಅಶ್ವಶಕ್ತಿ, ಜೊತೆಗೆ ವೇಗವನ್ನು ಅರ್ಧಕ್ಕಿಳಿಸಿ ಎಳೆತವನ್ನು ದುಪ್ಪಟ್ಟು ಮಾಡುವ ಲೋ ಗೇರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಜೀಪುಗಳು ಊರೂರಿಗೆ ಬಂದವು. ಮಹೀಂದ್ರಾ ಮುಂಬೈಯಲ್ಲಿ ಅವನ್ನು ಜೋಡಿಸತೊಡಗಿತು. ಬಂಡಿ ಹೋಗುವಲ್ಲೆಲ್ಲ ಜೀಪು ಹೋಯಿತು, ಅದೂ ರಾತ್ರಿ, ದೀಪ ಹಚ್ಚಿಕೊಂಡು. ಚಿಗರಿಯ ಕಣ್ಣಿನ ಹಿಂಬದಿಯಲ್ಲಿ ಕನ್ನಡಿಯಂಥ ಪದರವಿದೆ. ಕತ್ತಲಲ್ಲಿ ಕಾಣಲು ಪ್ರಕೃತಿ ಕೊಟ್ಟ ಆ ಕನ್ನಡಿಯೇ ದೀಪಕ್ಕೆ ಮಿನುಗಿ ಅದು ನಿಂತ ಜಾಗ ತೋರಿಸಿಕೊಟ್ಟಿತು. ಬಯಲಿನ ಹಿಂಡುಗಳು ಕಣ್ಣೆದುರೇ ಕರಗಿದವು. ಸಿವಂಗಿಯ ಕಥೆ ಇನ್ನೂ ಕರುಣಾಜನಕ. ಬೇಟೆಗೆಂದು ಕಾಡಿನಿಂದ ಹಿಡಿದು ತಂದವು ಸೆರೆಯಲ್ಲಿ ಮರಿ ಹಾಕುತ್ತಿರಲಿಲ್ಲ, ಸಂಖ್ಯೆ ಆಗಲೇ ಕುಸಿದಿತ್ತು. 1947ರಲ್ಲಿ ಮಧ್ಯ ಭಾರತದ ಕೊರಿಯಾ ಸಂಸ್ಥಾನದ ರಾಜ ರಾತ್ರಿ ವಾಹನದಲ್ಲಿ ಹೋಗುತ್ತಾ ಮೂರು ಗಂಡು ಸಿವಂಗಿಗಳನ್ನು ಗುಂಡಿಟ್ಟು ಕೊಂದ. 1952ರಲ್ಲಿ ಸಿವಂಗಿ ದೇಶದಿಂದ ಅಳಿಯಿತೆಂದು ಘೋಷಿಸಲಾಯಿತು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬರೆದವರಿಗೆ ವಾಹನದ ಬೇಟೆಯ ಈ ಕಥೆ ಗೊತ್ತಿತ್ತು. ಗಾಲಿಯ ಗಾಡಿಯಿಂದ, ಮೋಟಾರು ವಾಹನದಿಂದ ಬೇಟೆಯಾಡಕೂಡದೆಂದು 17ನೇ ಕಲಮಿನಲ್ಲಿ ಬಿಡಿಸಿ ಬರೆದರು. 1991ರ ತಿದ್ದುಪಡಿ ಬೇಟೆಯನ್ನೇ ನಿಲ್ಲಿಸಿದ್ದರಿಂದ ಆ ಕಲಮನ್ನು ತೆಗೆದುಹಾಕಲಾಯಿತು. ಚಿಗರಿ ಮೊದಲ ಅನುಸೂಚಿಯಲ್ಲಿದೆ; ಕೊಂದರೆ 3ರಿಂದ 7 ವರ್ಷ ಸೆರೆವಾಸ.

ಹುಡುಗನ ಗಾಡಿಗೆ ಬರುತ್ತೇನೆ. ಎಟಿವಿ ಎಂದು ಕರೆಯುವ ಅಂಥ ಗಾಡಿಯ ಗುಟ್ಟು ಎಂಜಿನ್ನಲ್ಲ, ಟೈರು. ಕಾರಿನ ಟೈರಿಗೆ 30 ಪಿಎಸ್ಐ ಆಸುಪಾಸು ಗಾಳಿ ಹಾಕಿದರೆ ಇದಕ್ಕೆ ಐದಾರು ಸಾಕು. ಟೈರು ಗೊರಸಿನ ಹಾಗೆ ಹರಡಿ ಕೂರುತ್ತದೆ. ಆದರೆ ಗಾಡಿಯ ಅಗಲ ಕಡಿಮೆ, ಭಾರ ಮೇಲೆ. ಓರೆ ಇಳಿಜಾರಿನಲ್ಲಿ ಸವಾರ ಮೈ ವಾಲಿಸಿ ತೂಕ ಹೊಂದಿಸದಿದ್ದರೆ ಮಗುಚುತ್ತದೆ. ನಮ್ಮ ಕೆಂಪು ಜಂಬಿಟ್ಟಿಗೆ ಗುಡ್ಡಕ್ಕೆ ಅದು ಏರೀತು. ಮಳೆ ಬಿದ್ದ ಎರೆ ಮಣ್ಣಿನಲ್ಲಿ ಮಾತ್ರ ಟೈರಿನ ಗೀರುಗಳೆಲ್ಲ ಅಂಟಿನಿಂದ ತುಂಬಿ ನುಣ್ಣಗಾಗುತ್ತವೆ, ಆಮೇಲೆ ಎಷ್ಟು ಗಾಲಿಗೆ ಬಲ ಕೊಟ್ಟರೂ ಅಷ್ಟೇ. ಎರಡು ದಿನ ಬಿಸಿಲು ಬೀಳಲಿ ಎಂದು ಕಾಯುವ ರೈತನ ಮಾತೇ ಸರಿ. ದುಡ್ಡು ಹಾಕುವವರಿಗೆ ನನ್ನ ಸಲಹೆ: ಮೊದಲು ಟೈರು, ಆಮೇಲೆ ಲೋ ಗೇರು ಮತ್ತು ಡಿಫ್ ಲಾಕ್, ಅಶ್ವಶಕ್ತಿ ಕೊನೆಗೆ.

ಚಳಿಗಾಲದಲ್ಲಿ ಅವನನ್ನು ಬೀದರ್ ಕಡೆಯ ಕಡಲೆ ಹೊಲಕ್ಕೆ ಕರೆದೊಯ್ದೆ. ಟ್ರ್ಯಾಕ್ಟರಿನ ಮಡ್ಗಾರ್ಡ್ ಮೇಲೆ ಇಬ್ಬರೂ ಕೂತಿದ್ದೆವು, ಎಂಜಿನ್ ಗುಡುಗುಡು ಎನ್ನುತ್ತಿತ್ತು. ಕಲ್ಲೆಸೆತದ ದೂರದಲ್ಲಿ ಹದಿನೈದಿಪ್ಪತ್ತು ಚಿಗರಿ. ತಿರುಚುಗೊಂಬಿನ ಕರಿ ಗಂಡೊಂದು ನಮ್ಮತ್ತ ಒಮ್ಮೆ ನೋಡಿ ಮತ್ತೆ ಬಾಯಿ ಹಾಕಿತು. ಹುಡುಗ ಫೋಟೊ ತೆಗೆಯಲೆಂದು ಒಂದು ಕಾಲು ನೆಲಕ್ಕಿಟ್ಟ. ಇಡೀ ಹಿಂಡು ತಲೆ ಎತ್ತಿತು.