ಸ್ತನದ ಶಸ್ತ್ರಕ್ರಿಯೆಯಲ್ಲಿ ಯಂತ್ರದ ಕೈ

ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರದಲ್ಲಿ 2024ರ ಜನವರಿಯಲ್ಲಿ ರೋಬೋಟ್ ಶಸ್ತ್ರಕ್ರಿಯಾ ವಿಭಾಗವು ಆರಂಭವಾಯಿತು. ಕೊಚ್ಚಿಯ ಅಮೃತಾ ಆಸ್ಪತ್ರೆಯಲ್ಲಿಯೂ ಇಂಥ ಯಂತ್ರವುಂಟು. ಇನ್ನು ಯಂತ್ರವೇ ರೋಗಿಯನ್ನು ಕೊಯ್ಯುವುದೇ ಎಂಬ ಸಂದೇಹ ಅನೇಕರಿಗೆ ಬರುವುದು ಸಹಜ. ನಾವು ವೈದ್ಯರಲ್ಲ, ಓದಿ ತಿಳಿದಷ್ಟನ್ನು ವಾಚಕರ ಮುಂದಿಡುತ್ತೇವೆ.

ಮಿಲ್ಲಿನ ಮಗ್ಗವು ಚಾಲೂ ಮಾಡಿದರೆ ತಾನೇ ನೇಯುತ್ತದೆ. ಈ ರೋಬೋಟ್ ಹಾಗಲ್ಲ. ವೈದ್ಯರು ರೋಗಿಯಿಂದ ತುಸು ದೂರ ಕುಳಿತು, ದೇಹದೊಳಗಿನ ಚಿತ್ರವನ್ನು ದೊಡ್ಡದಾಗಿ ನೋಡುತ್ತ ಹಿಡಿಕೆಗಳನ್ನು ಆಡಿಸುತ್ತಾರೆ. ಅವರ ಕೈ ಆಡಿದಂತೆ ಯಂತ್ರದ ತೋಳುಗಳ ತುದಿಯಲ್ಲಿರುವ ಸಣ್ಣ ಉಪಕರಣಗಳು ಆಡುತ್ತವೆ. ಸ್ತನ ತೆಗೆಯುವಾಗ ಕಂಕುಳ ಬಳಿ ಕೆಲವೇ ಸೆಂಟಿಮೀಟರ್ ಕೊಯ್ದು, ಒಳಗೆ ಅನಿಲ ತುಂಬಿ ಜಾಗ ಮಾಡಿಕೊಂಡು, ಚರ್ಮವನ್ನೂ ತೊಟ್ಟನ್ನೂ ಉಳಿಸಿ ಒಳಭಾಗವನ್ನು ಬಿಡಿಸಿ ತೆಗೆಯುತ್ತಾರೆ. ಗಾಯದ ಗುರುತು ತೋಳಿನ ಕೆಳಗೆ ಮರೆಯಾಗುತ್ತದೆ.

ಹಿಂದೆ ಹೀಗಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಡಾ. ಹಾಲ್‌ಸ್ಟೆಡ್ ರೂಢಿಗೆ ತಂದ ಕ್ರಮದಲ್ಲಿ ಸ್ತನದೊಡನೆ ಎದೆಯ ಸ್ನಾಯುಗಳನ್ನೂ ತೆಗೆಯುತ್ತಿದ್ದರು. 1981ರಲ್ಲಿ ಇಟಲಿಯ ಡಾ. ವೆರೊನೇಸಿಯವರು, ಗಡ್ಡೆ ಚಿಕ್ಕದಿದ್ದರೆ ಸ್ತನದ ಒಂದು ಭಾಗವನ್ನಷ್ಟೇ ತೆಗೆದು ವಿಕಿರಣ ಚಿಕಿತ್ಸೆ ಕೊಟ್ಟರೂ ಆಯುಸ್ಸಿಗೆ ಕೊರತೆಯಾಗದೆಂದು ತೋರಿಸಿಕೊಟ್ಟರು.

ಆದುದರಿಂದ ರೋಬೋಟ್ ಒಂದೇ ದಾರಿಯಲ್ಲ. ಅದರ ಮುಖ್ಯ ಲಾಭ ಚಿಕ್ಕ ಗಾಯ. ಖರ್ಚು ಮಾತ್ರ ಹೆಚ್ಚು. ರೋಗವು ಚರ್ಮಕ್ಕೋ ತೊಟ್ಟಿಗೋ ತಾಗಿದ್ದರೆ ಈ ಕ್ರಮ ಒಗ್ಗದು. ಸ್ತನ ತೆಗೆಯಲು ರೋಬೋಟ್ ಬಳಸುವುದು ಸುರಕ್ಷಿತ, ಪರಿಣಾಮಕಾರಿ ಎಂಬುದು ಸಿದ್ಧವಾಗಿಲ್ಲವೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2019ರಲ್ಲಿ ಎಚ್ಚರಿಸಿತು. ಯಂತ್ರದ ಹೆಸರಿಗೆ ಮರುಳಾಗಿ ಊರಿನ ಹೊಲ ಅಡವಿಡುವ ಮೊದಲು ವೈದ್ಯರನ್ನು ಕೇಳಬೇಕು: ಸ್ತನವನ್ನು ಪೂರ್ತಿ ತೆಗೆಯಲೇಬೇಕೇ? ಸಾಮಾನ್ಯ ಶಸ್ತ್ರಕ್ರಿಯೆಗಿಂತ ಇದರಿಂದ ನಮ್ಮ ರೋಗಿಗೆ ಏನು ಹೆಚ್ಚಿನ ಪ್ರಯೋಜನ? ಒಟ್ಟು ವೆಚ್ಚವೆಷ್ಟು? ಆಯುಷ್ಮಾನ್ ಕಾರ್ಡು ಇದ್ದವರು ಅದು ಇಲ್ಲಿ ಸಲ್ಲುವುದೇ ಎಂದು ಮೊದಲೇ ವಿಚಾರಿಸಲಿ. ಮಲಯಾಳ ಬಾರದವರು ಬಲ್ಲವರೊಬ್ಬರನ್ನು ಜೊತೆಗೆ ಕರೆದೊಯ್ಯುವುದು ಒಳ್ಳೆಯದು.

ಎಲ್ಲಕ್ಕಿಂತ ಮುಖ್ಯವಾದುದು ಸಮಯ. ಸ್ತನದ ಗಂಟು ಮೊದಲಲ್ಲಿ ಹೆಚ್ಚಾಗಿ ನೋಯುವುದಿಲ್ಲ. ನೋವಿಲ್ಲವೆಂದು, ನಾಚಿಕೆಯೆಂದು, ಗಂಡನಿಗೆ ರಜೆ ಸಿಗದೆಂದು ಹೆಂಗಸರು ಸುಮ್ಮನಿರುತ್ತಾರೆ. ಗಂಟು, ಚರ್ಮದಲ್ಲಿ ಕುಳಿ, ತೊಟ್ಟಿನಿಂದ ರಕ್ತ — ಇವುಗಳಲ್ಲಿ ಒಂದು ಕಂಡರೂ ಆ ವಾರವೇ ತೋರಿಸಬೇಕು. ಗಂಟುಗಳೆಲ್ಲ ಕ್ಯಾನ್ಸರ್ ಅಲ್ಲ. ಆದರೆ ಅದನ್ನು ಹೇಳಬೇಕಾದವರು ವೈದ್ಯರು. ಈ ಮಾತನ್ನು ಓದಿದವರು ಮನೆಯಲ್ಲಿಯೂ ಓದಿ ಹೇಳಬೇಕೆಂದು ಕೋರುತ್ತೇವೆ.