ಮಹಾಸೌಧಗಳ ಒಳಹವೆಯೂ ಶಕ್ತಿವ್ಯಯವೂ

ಒಳಾಂಗಣದ ಹವೆಯನ್ನು ಯಂತ್ರದಿಂದ ಹದಗೊಳಿಸುವ ಆಧುನಿಕ ವಿದ್ಯೆಯು ಮೊದಲು ಬಳಕೆಗೆ ಬಂದುದು ಮನುಷ್ಯನ ಸುಖಕ್ಕಾಗಿ ಅಲ್ಲ, ಕಾಗದದ ಹಿತಕ್ಕಾಗಿ. ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದ ಮುದ್ರಣಾಲಯವೊಂದರಲ್ಲಿ ವಾಯುವಿನ ತೇವದಿಂದ ಕಾಗದವು ಹಿಗ್ಗಿ ಕುಗ್ಗಿ, ಒಂದರ ಮೇಲೊಂದು ಅಚ್ಚಾಗತಕ್ಕ ಬಣ್ಣಗಳು ಸರಿಯಾಗಿ ಕೂಡದೆ ಹೋಗುತ್ತಿದ್ದುವು. ಇದನ್ನು ನಿವಾರಿಸಲು 1902ರಲ್ಲಿ ವಿಲಿಸ್ ಕ್ಯಾರಿಯರ್ ಎಂಬ ತರುಣ ಎಂಜಿನಿಯರನು, ತಣ್ಣೀರು ಹರಿಯುವ ಸುರುಳಿಗಳ ಮೇಲೆ ಗಾಳಿಯನ್ನು ಹಾಯಿಸಿ ಅದರ ಆರ್ದ್ರತೆಯನ್ನು ಕಳೆಯುವ ಉಪಾಯವನ್ನು ರಚಿಸಿದನು. ತಂಪನ್ನು ಗಾಳಿಯ ಮೂಲಕವೇ ಒಯ್ಯುವ ಪದ್ಧತಿಯು ಹೀಗೆ ಬೇರೂರಿತು.

ಆದರೆ ಶಾಖವನ್ನು ಹೊರುವುದರಲ್ಲಿ ಗಾಳಿಯು ಬಹಳ ದುರ್ಬಲವಾದ ವಾಹನ. ಸಮಾನ ಗಾತ್ರದ ನೀರು ಅದರ ಸುಮಾರು 3,500 ಮಡಿ ಶಾಖವನ್ನು ಹೊರಬಲ್ಲುದು. ಆದುದರಿಂದ ದೊಡ್ಡ ಕಟ್ಟಡವನ್ನು ಬರಿಯ ಗಾಳಿಯಿಂದ ತಣಿಸುವುದಕ್ಕೆ ವಿಶಾಲವಾದ ನಾಳಗಳೂ ಬಲವಾದ ಬೀಸಣಿಗೆಯಂತ್ರಗಳೂ ಬೇಕಾಗುತ್ತವೆ. ಮೇಲಾಗಿ, ಮನುಷ್ಯನಿಗೆ ಸೆಕೆಯಾಗುವುದು ಗಾಳಿಯಿಂದ ಮಾತ್ರವಲ್ಲ. ದೇಹವು ಸುತ್ತಲ ಗೋಡೆ ಛಾವಣಿಗಳೊಡನೆ ವಿಕಿರಣದ ಮೂಲಕ ಸದಾ ಶಾಖವನ್ನು ವಿನಿಮಯ ಮಾಡಿಕೊಳ್ಳುತ್ತಿರುವುದಷ್ಟೆ. ಬೇಸಗೆಯ ಮಧ್ಯಾಹ್ನ ಕಲ್ಲುಗುಡಿಯ ನವರಂಗವನ್ನು ಹೊಕ್ಕವರಿಗೆ, ಗಾಳಿ ಬೀಸದಿದ್ದರೂ ಮೈ ತಂಪಾಗುವುದು ಬಹುಮಟ್ಟಿಗೆ ಈ ಕಾರಣದಿಂದಲೇ.

ಈ ತತ್ತ್ವವನ್ನು ನಮ್ಮ ದೇಶದಲ್ಲಿ ದೊಡ್ಡ ಪ್ರಮಾಣದಲ್ಲಿ ಒರೆಗೆ ಹಚ್ಚಿದುದು ಬೆಂಗಳೂರಿನ ಇನ್ಫೋಸಿಸ್ ಸಂಸ್ಥೆಯು ಹೈದರಾಬಾದಿನ ಪೋಚಾರಮ್ ಆವರಣದಲ್ಲಿ ಕಟ್ಟಿಸಿದ ಸೌಧದಲ್ಲಿ. 2011ರಲ್ಲಿ ಬಳಕೆಗೆ ಬಂದ ಈ ಕಟ್ಟಡವನ್ನು ಎರಡು ಸಮಭಾಗಗಳಾಗಿ ರಚಿಸಿ, ಒಂದಕ್ಕೆ ವಾಡಿಕೆಯ ವಾಯುಪದ್ಧತಿಯನ್ನೂ ಇನ್ನೊಂದಕ್ಕೆ ಕಾಂಕ್ರೀಟಿನೊಳಗೆ ಹುದುಗಿಸಿದ ಕೊಳವೆಗಳಲ್ಲಿ ತಣ್ಣೀರು ಹರಿಸುವ ವಿಕಿರಣಪದ್ಧತಿಯನ್ನೂ ಅಳವಡಿಸಿದರು. ವಾಯುಪದ್ಧತಿಯ ಭಾಗವನ್ನು ಅಲಕ್ಷ್ಯದಿಂದ ಕಟ್ಟಲಿಲ್ಲವೆಂಬುದು ಗಮನಾರ್ಹ. ಅದನ್ನೂ ಸಾಧ್ಯವಾದಷ್ಟು ಮಿತವ್ಯಯದಿಂದ ನಡೆಯುವಂತೆ ರೂಪಿಸಿದ್ದರು. ದುರ್ಬಲನೊಡನೆ ಕಾದು ಗೆದ್ದ ಗೆಲವು ಇದಲ್ಲ. 2014ರಲ್ಲಿ ಪ್ರಕಟವಾದ ಫಲಿತಾಂಶದಂತೆ, ವಿಕಿರಣಭಾಗದ ಹವಾನಿಯಂತ್ರಣಕ್ಕೆ ತಗುಲಿದ ವಿದ್ಯುತ್ತು ಇನ್ನೊಂದು ಭಾಗದ್ದಕ್ಕಿಂತ ನೂರಕ್ಕೆ 34ರಷ್ಟು ಕಡಮೆ.

ಈ ಉಳಿತಾಯದಲ್ಲಿ ಬೀಸಣಿಗೆಗಳ ಪಾಲೊಂದೇ ಅಲ್ಲ, ಶೀತಲಯಂತ್ರದ ಪಾಲೂ ಉಂಟು. ವಾಯುಪದ್ಧತಿಯಲ್ಲಿ ಸಾಮಾನ್ಯವಾಗಿ ನೀರನ್ನು ಸೆಂಟಿಗ್ರೇಡ್ 7 ಡಿಗ್ರಿಯವರೆಗೆ ತಣಿಸುವರು. ಛಾವಣಿ ನೆಲಗಳಂಥ ವಿಸ್ತಾರವಾದ ಮೈ ದೊರೆತಲ್ಲಿ 14 ಡಿಗ್ರಿಗೆ ಮೇಲ್ಪಟ್ಟ ನೀರೂ ಸಾಕಾಗುತ್ತದೆ. ತಣಿಸುವ ಮಟ್ಟವು ಏರಿದಷ್ಟೂ ಯಂತ್ರದ ಶ್ರಮವು ಇಳಿಯುವುದು.

ಹಾಗಿದ್ದರೆ ಎಲ್ಲರೂ ಈ ದಾರಿಯನ್ನೇ ಏಕೆ ಹಿಡಿಯಲಿಲ್ಲ? ಮುಖ್ಯವಾದ ತೊಡಕು ಇಬ್ಬನಿಯದು. ಮಳೆಗಾಲದ ತೇವಭರಿತವಾದ ಗಾಳಿಯು ಒಳನುಗ್ಗಿ ತಣ್ಣನೆಯ ನೆಲವನ್ನು ಮುಟ್ಟಿದರೆ ಅಲ್ಲಿ ಹನಿಗಟ್ಟುತ್ತದೆ. ಆದುದರಿಂದ ಉಸಿರಾಟಕ್ಕೆ ಬೇಕಾದಷ್ಟೇ ಹೊರಗಾಳಿಯನ್ನು ಬೇರೊಂದು ಯಂತ್ರದಲ್ಲಿ ಒಣಗಿಸಿ ಒಳಕ್ಕೆ ಬಿಡಬೇಕು. ಕ್ಯಾರಿಯರನ ತೇವದ ಸಮಸ್ಯೆಯು ಇಲ್ಲಿ ಮರಳಿ ಎದುರಾಗುತ್ತದೆ. ಮುಂಬಯಿ, ಮಂಗಳೂರುಗಳಂಥ ಕರಾವಳಿಯ ಊರುಗಳಲ್ಲಿ ಈ ಎಚ್ಚರಿಕೆಯು ಇನ್ನೂ ಹೆಚ್ಚಾಗಿರಬೇಕು.

ಇನ್ನೊಂದು ಮಿತಿಯೂ ಉಂಟು. ತಣ್ಣನೆಯ ನೆಲವು ಹೀರಬಲ್ಲ ಶಾಖಕ್ಕೆ ಒಂದು ಎಲ್ಲೆ ಇರುವುದರಿಂದ, ಬಿಸಿಲು ಒಳಕ್ಕೆ ಬೀಳದಂತೆ ಕಿಟಕಿಗಳಿಗೆ ಮರೆಯನ್ನೂ ಗೋಡೆ ಛಾವಣಿಗಳಿಗೆ ಶಾಖನಿರೋಧಕವನ್ನೂ ಮೊದಲೇ ಒದಗಿಸಬೇಕು. ಶೀತದೇಶಗಳ ಗಾಜಿನ ಗೋಪುರಗಳನ್ನು ದಖ್ಖನ್ನಿನ ಬಿಸಿಲಿನಲ್ಲಿ ಹಾಗೆಯೇ ಎತ್ತಿ ನಿಲ್ಲಿಸುವ ಈಚಿನ ವ್ಯಾಮೋಹಕ್ಕೆ ಈ ಪದ್ಧತಿಯು ಒಗ್ಗುವುದಿಲ್ಲ.